ಟ್ಯೂಬ್ ತಂದೀರೇನ್ರಿ? ಅಲ್ಟ್ರಾಸೌಂಡ್‌ನಿಂದ ಔಷಧ ಒಳಗಿಳಿಸಿಕೊಳ್ಳಲು ಹೊರಟವರಿಗೆ

ಅಕ್ಟೋಬರ್ ಚಾಟ್ನಿ, ಅಂದರೆ ದ್ರಾಕ್ಷಿ ಬಳ್ಳಿ ಸವರುವ ಕೆಲಸ, ಮುಗಿಯುವ ಹೊತ್ತಿಗೆ ವಿಜಯಪುರದ ನಮ್ಮ ಫಿಸಿಯೋಥೆರಪಿ ಕ್ಲಿನಿಕ್ಕಿಗೆ ತಿಕೋಟಾ, ಬಬಲೇಶ್ವರದ ಕಡೆಯಿಂದ ಬರುವವರ ಕೈಯಲ್ಲಿ ಎರಡು ವಸ್ತು ಇದ್ದೇ ಇರುತ್ತವೆ. ಒಂದು, ಎಕ್ಸ್‌ರೇ ಹಾಳೆಯ ಚೀಲ. ಇನ್ನೊಂದು, ಬುಡದಿಂದ ಸುರುಳಿ ಸುತ್ತುತ್ತ ಬಂದು ಅರ್ಧಕ್ಕೆ ನಿಂತ ನೋವಿನ ಮುಲಾಮಿನ ಟ್ಯೂಬ್. ದಿನವಿಡೀ ಕತ್ತರಿ ಹಿಡಿದು ದ್ರಾಕ್ಷಿ ಕಡ್ಡಿ ಕತ್ತರಿಸಿದ ಕೈ ಅದು. ಮೊಣಕೈಯ ಹೊರಮಗ್ಗಲಿಗೆ ಬೆರಳು ತಾಗಿದರೆ ಸಾಕು, ಹೌಹಾರುತ್ತಾರೆ. ನೀರು ತುಂಬಿದ ತಂಬಿಗೆ ಎತ್ತಲು ಆಗುವುದಿಲ್ಲ.

"ಮೇಡಮ್ರ, ಮುಲಾಮ ತಿಕ್ಕಿ ತಿಕ್ಕಿ ಸಾಕಾಗೇತ್ರಿ. ಮಷೀನ್ ಹಚ್ಚಿ ಔಷಧ ಒಳಗ ಇಳಸ್ತಾರಂತಲ್ರಿ, ಅದನ್ನ ಮಾಡಿಬಿಡ್ರಿ."

ಹೀಗೆ ಕೇಳುವವರನ್ನು ಎದುರಿಗೆ ಕೂಡಿಸಿಕೊಂಡು ನಾನು ಹೇಳುವ ಮಾತುಗಳನ್ನೇ ಇಲ್ಲಿ ಬರೆಯುತ್ತಿದ್ದೇನೆ. ಔಷಧವನ್ನು ಚರ್ಮದ ಮೇಲೆ ಹಚ್ಚಿ, ಅದರ ಮೇಲೆ ಅಲ್ಟ್ರಾಸೌಂಡ್ ಮಷೀನಿನ ತಲೆಯನ್ನು ತಿರುಗಿಸುವ ಈ ಚಿಕಿತ್ಸೆಗೆ ಫೋನೋಫೊರೆಸಿಸ್ ಎಂದು ಹೆಸರು. ನಿನ್ನೆ ಮೊನ್ನೆ ಬಂದದ್ದೇನೂ ಅಲ್ಲ. 1954ರಲ್ಲೇ ಫೆಲಿಂಗರ್ ಮತ್ತು ಶ್ಮಿಡ್ ಎಂಬಿಬ್ಬರು ವಿಯೆನ್ನಾದಲ್ಲಿ ಕೈಬೆರಳಿನ ಸಂಧಿವಾತಕ್ಕೆ ಹೈಡ್ರೋಕಾರ್ಟಿಸೋನ್ ಎಂಬ ಸ್ಟಿರಾಯ್ಡ್ ಮುಲಾಮು ಹಚ್ಚಿ, ಮೇಲೆ ಅಲ್ಟ್ರಾಸೌಂಡ್ ಕೊಟ್ಟ ಬಗ್ಗೆ ಬರೆದಿದ್ದರು. ಎಪ್ಪತ್ತು ವರ್ಷದ ಹಳೆಯ ಉಪಾಯ. ಆದರೂ ಮಷೀನಿನ ಬಗ್ಗೆ ಹತ್ತು ಪ್ರಶ್ನೆ ಕೇಳುವ ಜನ ಟ್ಯೂಬಿನ ಬಗ್ಗೆ ಒಂದನ್ನೂ ಕೇಳುವುದಿಲ್ಲ. ಈ ಚಿಕಿತ್ಸೆ ಗೆಲ್ಲುವುದೂ ಸೋಲುವುದೂ ಬಹಳ ಸಲ ಆ ಟ್ಯೂಬಿನಲ್ಲೇ.

ಕರೆಂಟೂ ಅಲ್ಲ, ಸ್ಕ್ಯಾನಿಂಗೂ ಅಲ್ಲ

ನಮ್ಮ ಕಡೆ ಫಿಸಿಯೋಥೆರಪಿಯ ಎಲ್ಲ ಮಷೀನಿಗೂ ಒಂದೇ ಹೆಸರು: ಕರೆಂಟ್. "ಹತ್ತ ದಿನ ಕರೆಂಟ್ ಹಚ್ಚಿಸ್ಕೊಂಡೇನ್ರಿ" ಅಂದರೆ ಅದು ಸಣ್ಣ ವಿದ್ಯುತ್ ಹರಿಸುವ ಟೆನ್ಸ್ ಇರಬಹುದು, ಅಂಥದ್ದೇ ಐಎಫ್‌ಟಿ ಇರಬಹುದು, ಅಲ್ಟ್ರಾಸೌಂಡೂ ಇರಬಹುದು. ಜುಮುಜುಮು ಅಂದರೆ ಅದು ಕರೆಂಟ್. ಅಲ್ಟ್ರಾಸೌಂಡ್ ಜುಮುಗುಟ್ಟುವುದಿಲ್ಲ. ಮಷೀನಿನ ತಲೆಯೊಳಗಿನ ಹರಳು ಸೆಕೆಂಡಿಗೆ 10 ಲಕ್ಷ ಅಥವಾ 30 ಲಕ್ಷ ಸಲ ಕಂಪಿಸುತ್ತದೆ, ಆ ಕಂಪನ ಶಬ್ದವಾಗಿ ಮೈಯೊಳಗೆ ಇಳಿಯುತ್ತದೆ. ಮನುಷ್ಯನ ಕಿವಿಗೆ ಕೇಳುವುದು ಸೆಕೆಂಡಿಗೆ 20,000 ಕಂಪನದವರೆಗೆ ಮಾತ್ರ. ಹಾಗಾಗಿ ಮಷೀನ್ ಮೌನವಾಗಿರುತ್ತದೆ, ಕೆಲವರಿಗೆ ಅದರ ಮೇಲೆ ನಂಬಿಕೆಯೇ ಬರುವುದಿಲ್ಲ.

ಬಸುರಿಯರಿಗೆ ಮಾಡುವ ಸ್ಕ್ಯಾನಿಂಗೂ ಅಲ್ಟ್ರಾಸೌಂಡೇ. ಆದರೆ ಅದು ಹೋದ ಶಬ್ದದ ಮರುಧ್ವನಿಯಿಂದ ಚಿತ್ರ ಬಿಡಿಸುತ್ತದೆ. ನಮ್ಮದು ಚಿತ್ರ ಬಿಡಿಸುವುದಿಲ್ಲ, ಅದಕ್ಕೆ ಪರದೆಯೇ ಇಲ್ಲ. ಅತ್ತೆಯನ್ನು ಕರೆತಂದ ಸೊಸೆಯೊಬ್ಬಳು ಇಡೀ ಹೊತ್ತು ಮಷೀನಿನ ಹಿಂದೆಮುಂದೆ ಇಣುಕಿ, "ಟಿವಿ ಎಲ್ಲೈತ್ರಿ ಇದರದ್ದು?" ಅಂದಿದ್ದಳು.

ಇನ್ನು ಚರ್ಮ. ಅದರ ಕಟ್ಟಕಡೆಯ ಮೇಲ್ಪದರ ಸತ್ತ ಕೋಶಗಳದ್ದು. ದಪ್ಪ ಬಹುಪಾಲು ಕಡೆ 10ರಿಂದ 20 ಮೈಕ್ರಾನ್, ಅಂದರೆ ದಿನಪತ್ರಿಕೆಯ ಹಾಳೆಗಿಂತ ತೆಳು. ಆದರೆ ಹಳೆಯ ವಾಡೆಯ ಗೋಡೆಯಲ್ಲಿ ಕಲ್ಲಿನ ಸಂದಿಗೆ ಗಾರೆ ತುಂಬಿದಂತೆ ಈ ಕೋಶಗಳ ಸಂದಿಯಲ್ಲಿ ಜಿಡ್ಡು ಒತ್ತಾಗಿ ಕೂತಿರುತ್ತದೆ. ನೀರು ಒಳಗೆ ಬರಬಾರದು, ಮೈಯ ನೀರು ಹೊರಗೆ ಹೋಗಬಾರದು ಎಂದೇ ಕಟ್ಟಿದ ಗೋಡೆ. ಔಷಧಕ್ಕೂ ಅದು ಅಷ್ಟು ಸುಲಭಕ್ಕೆ ದಾರಿ ಬಿಡುವುದಿಲ್ಲ. ಔಷಧಶಾಸ್ತ್ರದವರ ಅಂದಾಜಿನಲ್ಲಿ 500 ಡಾಲ್ಟನ್‌ಗಿಂತ (ಅಣುವಿನ ತೂಕದ ಅಳತೆ ಇದು) ಹಗುರ ಅಣುಗಳಷ್ಟೇ ಈ ಗೋಡೆಯಲ್ಲಿ ಹೇಗೋ ನುಸುಳಬಲ್ಲವು. ನೋವಿನ ಡೈಕ್ಲೋಫೆನಾಕ್ ಸುಮಾರು 296, ಮರಗಟ್ಟಿಸುವ ಲಿಗ್ನೋಕೇನ್ 234, ಹೈಡ್ರೋಕಾರ್ಟಿಸೋನ್ 362. ಮೂರೂ ಪಾಸು.

ಅಲ್ಟ್ರಾಸೌಂಡ್ ಇಲ್ಲಿ ಏನು ಮಾಡುತ್ತದೆ? ಸೂಜಿಯಂತೆ ಔಷಧವನ್ನು ಒಳಗೆ ತಳ್ಳುತ್ತದೆ ಎಂದು ಬಹಳ ಜನ ತಿಳಿದಿದ್ದಾರೆ. ನಿಜವಾಗಿ ಅದು ಗಾರೆಯನ್ನು ಸಡಿಲಿಸುತ್ತದೆ: ಸ್ವಲ್ಪ ಬೆಚ್ಚಗೆ ಮಾಡಿ ಜಿಡ್ಡಿನ ಕಟ್ಟನ್ನು ಸಡಿಲ ಬಿಡುತ್ತದೆ, ಶಬ್ದದ ಅಲೆಗೆ ಸಣ್ಣ ಸಣ್ಣ ಗುಳ್ಳೆಗಳು ಹಿಗ್ಗಿ ಕುಗ್ಗಿ ಪದರಗಳನ್ನು ಕದಲಿಸುತ್ತವೆ. ಸಡಿಲಾದ ಸಂದಿಯಲ್ಲಿ ಔಷಧ ತನ್ನಷ್ಟಕ್ಕೆ ಇಳಿಯಬೇಕು.

ಹಂತ 1: ನೋವು ಯಾವುದೆಂದು ಮೊದಲು ಗೊತ್ತಾಗಲಿ

ಚರ್ಮದ ಕೆಳಗೆ ಹತ್ತಿರದಲ್ಲೇ ಇರುವ ನೋವಿಗೆ ಮಾತ್ರ ಇದು ಹೊಂದುತ್ತದೆ. ಕತ್ತರಿ ಹಿಡಿದವರ ಮೊಣಕೈ, ರೊಟ್ಟಿ ಬಡಿಯುವವರ ಹೆಬ್ಬೆರಳಿನ ಬುಡ, ಹಿಮ್ಮಡಿಯ ಮೇಲಿನ ನರದಂಥ ದಪ್ಪ ಸ್ನಾಯುರಜ್ಜು, ಮೊಣಕಾಲಿನ ಮಗ್ಗಲು, ಇಂಥವು. ಸೊಂಟದಿಂದ ಕಾಲಿಗೆ ಸೆಳೆಯುವ ನೋವು ಬೆನ್ನಿನ ಡಿಸ್ಕಿನದಿದ್ದರೆ ಅಲ್ಲಿಗೆ ಮುಲಾಮು ಇಳಿಯುವ ಮಾತೇ ಇಲ್ಲ. "ಇಡೀ ಬೆನ್ನಿಗೆ ಹಚ್ಚಿಬಿಡ್ರಿ" ಎನ್ನುವವರಿಗೆ ನಾನು ಇಲ್ಲ ಎನ್ನುತ್ತೇನೆ. ಕಾರಣ ಮುಂದೆ ಬರುತ್ತದೆ.

ಮೊದಲು ವೈದ್ಯರು ನೋಡಲಿ. ರಾತ್ರಿ ನಿದ್ದೆಗೆಡಿಸುವ ನೋವು, ಜ್ವರದ ಜೊತೆಗಿನ ಬಾವು, ಕಾರಣವಿಲ್ಲದೆ ಊದಿಕೊಂಡ ಮೀನಖಂಡ, ಇವನ್ನು ಮಷೀನಿನ ಕೆಳಗೆ ಇಡಬಾರದು. ಮೀನಖಂಡದ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿದ್ದರೆ ಅದು ಕದಲಿ ಶ್ವಾಸಕೋಶಕ್ಕೆ ಹೋಗುವ ಅಪಾಯವಿದೆ.

ಹಂತ 2: ಮುಚ್ಚಿಡದೆ ಹೇಳಬೇಕಾದದ್ದು

ಹಾಸಿಗೆ ಹತ್ತುವ ಮೊದಲೇ ಹೇಳಿಬಿಡಿ: ಎದೆಯಲ್ಲಿ ಪೇಸ್‌ಮೇಕರ್ ಇದೆಯೇ, ಬಸುರಿಯೇ, ಆ ಜಾಗದಲ್ಲಿ ಕ್ಯಾನ್ಸರ್ ಗಡ್ಡೆ ಇದೆಯೇ ಅಥವಾ ಇತ್ತೇ, ರಕ್ತ ತೆಳುವಾಗಿಸುವ ಗುಳಿಗೆ ನುಂಗುತ್ತೀರಾ, ಮೂತ್ರಪಿಂಡದ ತೊಂದರೆ ಇದೆಯೇ, ಆಸ್ಪಿರಿನ್ ಅಥವಾ ನೋವಿನ ಗುಳಿಗೆಯಿಂದ ಯಾವತ್ತಾದರೂ ದಮ್ಮು, ಪಿತ್ತಗಂಧೆ ಎದ್ದಿದೆಯೇ. ಈ ಕೊನೆಯದನ್ನು ಜನ ಮರೆಯುತ್ತಾರೆ, ಗುಳಿಗೆಗೂ ಮುಲಾಮಿಗೂ ಏನು ಸಂಬಂಧ ಎಂದುಕೊಂಡು. ಔಷಧ ಅದೇ. ಹಚ್ಚಿದ ಡೈಕ್ಲೋಫೆನಾಕ್ ರಕ್ತಕ್ಕೆ ಸೇರುವುದು ಗುಳಿಗೆಯ ಹೋಲಿಕೆಯಲ್ಲಿ ಸುಮಾರು ಶೇ 6ರಷ್ಟೇ ಆದರೂ ಅಲರ್ಜಿಗೆ ಅಷ್ಟು ಸಾಕು. ಬೆಳೆಯುವ ಮಕ್ಕಳ ಎಲುಬಿನ ತುದಿ, ಕಣ್ಣು, ವೃಷಣ, ಈ ಜಾಗಗಳಿಗೆ ಅಲ್ಟ್ರಾಸೌಂಡ್ ಬೇಡ. ಪ್ಲಾಸ್ಟಿಕ್, ಸಿಮೆಂಟ್ ಕೂಡಿಸಿದ ಕೃತಕ ಕೀಲಿನ ಮೇಲೂ ಬೇಡ.

ಸಕ್ಕರೆ ಕಾಯಿಲೆಯವರ ಮಾತು ಬೇರೆಯೇ. ಪಾದ ಮರಗಟ್ಟಿದ್ದರೆ ಬಿಸಿ ತಿಳಿಯುವುದಿಲ್ಲ. ತಿಳಿಯದಿದ್ದರೆ ಸುಟ್ಟರೂ ಗೊತ್ತಾಗುವುದಿಲ್ಲ. ನಾನು ಎರಡು ಸಣ್ಣ ಗಾಜಿನ ಕೊಳವೆಯಲ್ಲಿ ಒಂದಕ್ಕೆ ಬೆಚ್ಚನೆ ನೀರು, ಒಂದಕ್ಕೆ ತಣ್ಣೀರು ತುಂಬಿ, ಕಣ್ಣು ಮುಚ್ಚಿಸಿ ಒಂದೊಂದಾಗಿ ತಾಗಿಸುತ್ತೇನೆ. "ಯಾವುದು ಬಿಸಿ, ಯಾವುದು ತಣ್ಣಗ ಹೇಳ್ರಿ ಕಾಕಾ." ಮೂರರಲ್ಲಿ ಎರಡು ತಪ್ಪಿದರೆ ಆ ಜಾಗಕ್ಕೆ ಮಷೀನ್ ಮುಟ್ಟಿಸುವುದಿಲ್ಲ. ಒಂದು ನಿಮಿಷದ ಕೆಲಸ ಇದು. ನಿಮಗೆ ಸಕ್ಕರೆ ಇದ್ದು ಯಾರೂ ಹೀಗೆ ನೋಡದಿದ್ದರೆ ನೀವೇ ಕೇಳಿ.

ಹಂತ 3: ಟ್ಯೂಬ್

ಅಲ್ಟ್ರಾಸೌಂಡಿನ ಶಬ್ದಕ್ಕೆ ಗಾಳಿ ಕಂಡರಾಗದು. ಗೋಳಗುಮ್ಮಟದ ಪಿಸುಗುಟ್ಟುವ ಗ್ಯಾಲರಿಯಲ್ಲಿ ಚಪ್ಪಾಳೆ ಹೊಡೆದರೆ ಗೋಡೆಗೆ ಬಡಿದು ಮತ್ತೆ ಮತ್ತೆ ವಾಪಸು ಬರುತ್ತದಲ್ಲ, ಅಲ್ಟ್ರಾಸೌಂಡಿಗೆ ಕೂದಲೆಳೆಯಷ್ಟು ಗಾಳಿಯ ಪದರವೇ ಅಂಥ ಗೋಡೆ. ಮಷೀನಿನ ತಲೆಗೂ ಚರ್ಮಕ್ಕೂ ನಡುವೆ ಗಾಳಿ ಇದ್ದರೆ ಹೆಚ್ಚುಕಡಿಮೆ ಅಷ್ಟೂ ಶಬ್ದ ಹಿಂದಕ್ಕೆ ಹೋಗುತ್ತದೆ. ಜೆಲ್ ಹಚ್ಚುವುದು ಆ ಗಾಳಿಯನ್ನು ಓಡಿಸಲು. ಔಷಧ ಹಾಕಿದಾಗ ಅದೇ ಜೆಲ್ ಎರಡು ಕೆಲಸ ಮಾಡಬೇಕು: ಔಷಧ ಹೊರಬೇಕು, ಶಬ್ದವನ್ನೂ ದಾಟಿಸಬೇಕು. ಎಲ್ಲ ಮುಲಾಮಿಗೂ ಎರಡನೆಯದು ಬರುವುದಿಲ್ಲ.

ಕ್ಯಾಮರನ್ ಮತ್ತು ಮನ್ರೋ ಎಂಬ ಸಂಶೋಧಕರು 1992ರಲ್ಲಿ ಇದನ್ನು ಅಳತೆ ಮಾಡಿ ಪ್ರಕಟಿಸಿದರು. ನೀರು 100 ದಾಟಿಸುತ್ತದೆ ಎಂದಿಟ್ಟುಕೊಂಡರೆ ಸಾದಾ ಅಲ್ಟ್ರಾಸೌಂಡ್ ಜೆಲ್ 96. ಬಿಳಿ ಪೆಟ್ರೋಲಿಯಂ ಜೆಲ್ಲಿ 0. ಶೇ 1ರ ಹೈಡ್ರೋಕಾರ್ಟಿಸೋನ್ ಕ್ರೀಮ್, ಅದೂ 0. ಹೈಡ್ರೋಕಾರ್ಟಿಸೋನ್ ಪುಡಿಯನ್ನು ಅಲ್ಟ್ರಾಸೌಂಡ್ ಜೆಲ್ಲಿನಲ್ಲೇ ಕಲಸಿದಾಗಲೂ 29ಕ್ಕೆ ಇಳಿಯಿತು. ಅಂದರೆ ಬೆಳ್ಳಗೆ ಗಟ್ಟಿಯಾದ ಕ್ರೀಮಿನ ಮೇಲೆ ಹತ್ತು ನಿಮಿಷ ಮಷೀನ್ ತಿರುಗಿಸಿದರೆ ಆಗುವುದು ಮಾಲೀಶು ಮಾತ್ರ.

ಇದನ್ನು ನಾನು ಓದಿ ಕಲಿತದ್ದಲ್ಲ, ಮರ್ಯಾದೆ ಕಳಕೊಂಡು ಕಲಿತದ್ದು. ಕೆಲಸಕ್ಕೆ ಸೇರಿದ ಹೊಸತರಲ್ಲಿ, ಬೇರೊಂದು ಕ್ಲಿನಿಕ್ಕಿನಲ್ಲಿ, ಹೆಬ್ಬೆರಳ ಬುಡದ ನೋವಿನ ಅಜ್ಜಿಯೊಬ್ಬರಿಗೆ ಅವರ ಮನೆಯಿಂದಲೇ ತಂದ ಬಿಳಿ ಕ್ರೀಮ್ ಹಚ್ಚಿ ಎಂಟು ದಿನ ಮಷೀನ್ ಕೊಟ್ಟೆ. ದಿನಕ್ಕೆ ಇಪ್ಪತ್ತು ರೊಟ್ಟಿ ಬಡಿಯುವ ಕೈ. ಎಂಟನೇ ದಿನ ಅವರು, "ನಿನ್ನ ಮಷೀನಿಗಿಂತ ನನ್ನ ಮೊಮ್ಮಗಳು ತಿಕ್ಕೂದ ಬೇಸಿ ಐತೆವ್ವಾ" ಅಂದರು. ಅವತ್ತು ಸಂಜೆ ಹಿರಿಯ ಸಹೋದ್ಯೋಗಿಯೊಬ್ಬರು ಏನೂ ಮಾತಾಡದೆ ಮಷೀನಿನ ತಲೆಯನ್ನು ಮೇಲ್ಮುಖ ಮಾಡಿ ಹಿಡಿದರು. ಅದರ ಅಂಚಿಗೆ ಸುತ್ತಲೂ ಅಗಲ ಟೇಪು ಸುತ್ತಿ ಪುಟ್ಟ ಬಟ್ಟಲಿನಂತೆ ಮಾಡಿದರು. ತಳಕ್ಕೆ ಅದೇ ಕ್ರೀಮನ್ನು ಅರ್ಧ ಸೆಂಟಿಮೀಟರ್ ಸವರಿದರು, ಮೇಲೆ ಎರಡು ಚಮಚ ನೀರು. ಮಷೀನ್ ಹಚ್ಚಿದರು. ನೀರು ಕೆರೆಯಂತೆ ಸುಮ್ಮನೆ ನಿಂತಿತ್ತು. ಕ್ರೀಮ್ ಒರೆಸಿ ಪಾರದರ್ಶಕ ಜೆಲ್ ಹಾಕಿ ಮತ್ತೆ ನೀರು ಹೊಯ್ದು ಹಚ್ಚಿದರು. ಈ ಸಲ ನೀರಿನ ನಡುವೆ ಒಂದು ದಿಬ್ಬ ಎದ್ದು, ಸಣ್ಣಗೆ ನಡುಗಿ, ಹನಿ ಸಿಡಿಯಿತು. ಎಂಟು ದಿನದ ನನ್ನ ದುಡಿತ ಎಲ್ಲಿಗೆ ಹೋಗಿತ್ತು ಎಂದು ಆಗ ಗೊತ್ತಾಯಿತು.

ಈಗ ಯಾವ ಹೊಸ ಟ್ಯೂಬ್ ಬಂದರೂ ನಾನು ಇದನ್ನು ಮಾಡುತ್ತೇನೆ. ಈ ವೃತ್ತಿಗೆ ಹೊಸದಾಗಿ ಬಂದವರು ಓದುತ್ತಿದ್ದರೆ ಎರಡು ಎಚ್ಚರಿಕೆ: ಹತ್ತು ಸೆಕೆಂಡಿಗಿಂತ ಹೆಚ್ಚು ಹೊತ್ತು ಬೇಡ, ಮತ್ತು ಬರಿ ಗಾಳಿಯಲ್ಲಿ ತಲೆಯನ್ನು ಎಂದೂ ಚಾಲೂ ಇಡಬೇಡಿ. ಹೋಗಲು ದಾರಿ ಸಿಗದ ಶಬ್ದ ತಲೆಯನ್ನೇ ಕಾಯಿಸಿ ಹರಳನ್ನು ಹಾಳು ಮಾಡುತ್ತದೆ.

ರೋಗಿಗಳು ಟ್ಯೂಬಿನ ಹಿಂಬದಿ ಓದಿ. ನಮ್ಮ ಅಂಗಡಿಗಳಲ್ಲಿ ಸಿಗುವ ನೋವಿನ ಜೆಲ್‌ಗಳ ಮೇಲೆ ಹೆಚ್ಚಾಗಿ ಕಾಣುವುದು ಡೈಕ್ಲೋಫೆನಾಕ್ ಡೈಈಥೈಲಮೈನ್ ಶೇ 1.16, ಮೀಥೈಲ್ ಸ್ಯಾಲಿಸಿಲೇಟ್ ಶೇ 10, ಮೆಂಥಾಲ್ ಶೇ 5, ಜೊತೆಗೆ ಲಿನ್‌ಸೀಡ್ ಆಯಿಲ್ ಶೇ 3. ಈ ಲಿನ್‌ಸೀಡ್ ಬೇರೇನೂ ಅಲ್ಲ, ನಾವು ರೊಟ್ಟಿಗೆ ಚಟ್ನಿಪುಡಿ ಮಾಡಿಕೊಳ್ಳುವ ಅಗಸಿ. ಇದನ್ನು ಹೇಳಿದಾಗ ನಗದವರಿಲ್ಲ. ನಗು ಇರಲಿ, ಇಲ್ಲಿ ಮೆಂಥಾಲ್ ಮೇಲೆ ಕಣ್ಣಿಡಿ. ಅದು ಚರ್ಮಕ್ಕೆ ತಂಪು ಎನಿಸುತ್ತದೆ, ಒಳಗೆ ಬಿಸಿ ಏರುತ್ತಿದ್ದರೂ ನಿಮಗೆ ತಣ್ಣಗೇ ಇರುತ್ತದೆ. ಅದಕ್ಕಾಗಿ ನನ್ನ ಆಯ್ಕೆ ಮೆಂಥಾಲ್ ಇಲ್ಲದ, ಕನ್ನಡಿಯಂತೆ ತಿಳಿಯಾದ, ಔಷಧ ಒಂದೇ ಇರುವ ಜೆಲ್. ಸಿಗದಿದ್ದರೆ ಮೊದಲು ಔಷಧದ ಜೆಲ್ಲನ್ನು ತೆಳ್ಳಗೆ ತಿಕ್ಕಿ, ಅದು ಹೀರಿಕೊಂಡ ಮೇಲೆ ಸಾದಾ ಅಲ್ಟ್ರಾಸೌಂಡ್ ಜೆಲ್ ಧಾರಾಳ ಹಾಕಿ ಮಷೀನ್ ಹಿಡಿಯುತ್ತೇನೆ. ಎರಡನ್ನೂ ಬಟ್ಟಲಲ್ಲಿ ಹಾಕಿ ಗರಗರ ಕಲಸುವುದಿಲ್ಲ. ಕಲಸಿದಷ್ಟೂ ಗಾಳಿಗುಳ್ಳೆ ಸೇರುತ್ತದೆ.

ಸ್ಟಿರಾಯ್ಡ್ ಇರುವ ಜೆಲ್ಲಾದರೆ ವೈದ್ಯರ ಚೀಟಿ ಇಲ್ಲದೆ ಮುಟ್ಟಬೇಡಿ. ಒಂದೇ ಜಾಗಕ್ಕೆ ದಿನಗಟ್ಟಲೆ ಹಚ್ಚಿದರೆ ಚರ್ಮ ಉಳ್ಳಾಗಡ್ಡಿ ಸಿಪ್ಪೆಯಂತಾಗುತ್ತದೆ.

ಹಂತ 4: ಚರ್ಮದ ತಯಾರಿ

ಸಬಕಾರ ಹಚ್ಚಿ ತೊಳೆದು ಒರೆಸಿಕೊಂಡು ಬನ್ನಿ. ಕೊಬ್ಬರಿ ಎಣ್ಣೆ, ಬಾಮು, ಸುಣ್ಣ ಅರಿಷಿಣದ ಪಟ್ಟು ಏನೂ ಇರಬಾರದು. ಕೂದಲು ದಟ್ಟವಿದ್ದರೆ ಕತ್ತರಿಯಿಂದ ಗಿಡ್ಡ ಮಾಡಿ. ಬೋಳಿಸಬೇಡಿ, ರೇಜರ್ ಗೀರಿದ ಜಾಗದಲ್ಲಿ ಔಷಧ ಉರಿಯುತ್ತದೆ. ಬೆಚ್ಚನೆ ಒದ್ದೆ ಟವೆಲನ್ನು ಐದು ನಿಮಿಷ ಸುತ್ತಿದರೆ ಒಳ್ಳೆಯದು, ನೀರು ಕುಡಿದು ಮೆತ್ತಗಾದ ಚರ್ಮ ಔಷಧವನ್ನು ಹೆಚ್ಚು ಬಿಟ್ಟುಕೊಳ್ಳುತ್ತದೆ.

ನೋವಿನ ಜಾಗಕ್ಕೆ ಕೇರುಬೀಜದ ಎಣ್ಣೆ ಮುಟ್ಟಿಸಿಕೊಂಡು ಬೊಬ್ಬೆ ಎಬ್ಬಿಸಿಕೊಂಡವರು, ಬರೆ ಹಾಕಿಸಿಕೊಂಡವರು ಇವತ್ತಿಗೂ ಬರುತ್ತಾರೆ. ಬೈದರೆ ಮುಂದಿನ ಸಲ ಮುಚ್ಚಿಡುತ್ತಾರೆ, ಅದಕ್ಕೆ ಬೈಯುವುದಿಲ್ಲ. ಆದರೆ ಗಾಯ ಮಾಯುವವರೆಗೆ ಮಷೀನೂ ಇಲ್ಲ, ಜೆಲ್ಲೂ ಇಲ್ಲ. ಗೋಡೆಯೇ ಬಿದ್ದ ಜಾಗದಲ್ಲಿ ಔಷಧ ಎಷ್ಟು ಒಳಗೆ ಹೋಗುತ್ತದೆ ಎಂಬ ಲೆಕ್ಕವೇ ಇರುವುದಿಲ್ಲ.

ಹಂತ 5: ಹಾಸಿಗೆಯ ಮೇಲೆ

ಇಲ್ಲಿ ನಿಮ್ಮ ಕೆಲಸ ಮೂರು: ನೋಡುವುದು, ಎಣಿಸುವುದು, ಬಾಯಿಬಿಟ್ಟು ಹೇಳುವುದು.

ಮಷೀನಿನಲ್ಲಿ 1 ಮೆಗಾಹರ್ಟ್ಸ್, 3 ಮೆಗಾಹರ್ಟ್ಸ್ ಎಂದು ಎರಡು ಆಯ್ಕೆ ಸಾಮಾನ್ಯ. 3 ಇಟ್ಟರೆ ಶಬ್ದದ ಬಲವೆಲ್ಲ ಮೇಲಿನ ಒಂದೆರಡು ಸೆಂಟಿಮೀಟರಿನಲ್ಲೇ ಖರ್ಚಾಗುತ್ತದೆ, 1 ಇಟ್ಟರೆ ಇನ್ನೂ ಆಳಕ್ಕೆ ಇಳಿಯುತ್ತದೆ. ಮೊಣಕೈಗೆ, ಹೆಬ್ಬೆರಳಿಗೆ ನಾನು 3 ಇಡುತ್ತೇನೆ. ಬಲ ಚದರ ಸೆಂಟಿಮೀಟರಿಗೆ 0.5ರಿಂದ 1 ವ್ಯಾಟ್. ನೋವು ಹೊಸದು, ಬಾವು ಬಿಸಿಯಿದೆ ಎಂದರೆ ಬಿಟ್ಟು ಬಿಟ್ಟು ಬರುವ ಪಲ್ಸ್ ಅಲೆ, ಹಳೆಯ ನೋವಿಗೆ ಬಿಡದೆ ಬರುವ ಅಲೆ.

ಇನ್ನು ಜಾಗದ ಲೆಕ್ಕ. ತಲೆಯಲ್ಲಿ ನಿಜವಾಗಿ ಶಬ್ದ ಬರುವ ಭಾಗ ಸುಮಾರು 5 ಚದರ ಸೆಂಟಿಮೀಟರ್. ಐದು ನಿಮಿಷದಲ್ಲಿ ಅದರ ಎರಡು, ಹೆಚ್ಚೆಂದರೆ ಮೂರು ಪಟ್ಟು ಜಾಗಕ್ಕೆ ಮಾತ್ರ ಸರಿಯಾದ ಪ್ರಮಾಣ ಸಿಗುತ್ತದೆ. ಅಂದರೆ ಒಂದು ಬೆಂಕಿಪೊಟ್ಟಣದಷ್ಟು ಜಾಗ. ಇಡೀ ಬೆನ್ನಿಗೆ ಇಲ್ಲ ಎಂದದ್ದು ಇದಕ್ಕೇ. ಐದು ನಿಮಿಷದಲ್ಲಿ ಬೆನ್ನಿಗೆಲ್ಲ ಸವರಿದರೆ ಯಾವ ಜಾಗಕ್ಕೂ ಏನೂ ಆಗಿರುವುದಿಲ್ಲ, ಬಿಲ್ಲು ಮಾತ್ರ ಆಗಿರುತ್ತದೆ.

ಮಷೀನಿನ ತಲೆ ನಿಮ್ಮ ಚರ್ಮಕ್ಕೆ ಚಪ್ಪಟೆಯಾಗಿ ಕೂತಿರಬೇಕು, ಓರೆಯಾಗಬಾರದು. ಸೆಕೆಂಡಿಗೆ ಸುಮಾರು 4 ಸೆಂಟಿಮೀಟರ್ ವೇಗ. ಹಂಚಿನ ಮೇಲಿನ ರೊಟ್ಟಿಗೆ ಒದ್ದೆ ಅರಿವೆಯಿಂದ ನೀರು ಸವರುತ್ತೇವಲ್ಲ, ಆ ಕೈಯೇ, ಆದರೆ ಅವಸರ ಬಿಟ್ಟ ಕೈ. ಹಂಚಿನ ಮುಂದೆ ಅವಸರ ಬೇಕು, ಇಲ್ಲಿ ಬೇಡ. ನಿಲ್ಲಿಸುವುದಂತೂ ಕೂಡದು. ಒಂದೇ ಕಡೆ ನಿಂತರೆ ಎಲುಬಿನ ಮೇಲ್ಪೊರೆ ಕಾಯುತ್ತದೆ. ಫಿಸಿಯೋಥೆರಪಿಸ್ಟ್ ಒಂದು ಕೈಯಲ್ಲಿ ಮಷೀನ್, ಇನ್ನೊಂದರಲ್ಲಿ ಮೊಬೈಲ್ ಹಿಡಿದಿದ್ದರೆ ಸಂಕೋಚ ಪಡದೆ ಹೇಳಿ.

ನಿಮಗೆ ತಿಳಿಯಬೇಕಾದದ್ದು ನಸುಬೆಚ್ಚಗೆ, ಅಥವಾ ಏನೂ ಇಲ್ಲ. ಎರಡೂ ಸರಿ. ಚುರ್ ಎಂದರೆ ತಪ್ಪು. ಎಲುಬಿನೊಳಗೆ ಹಲ್ಲುನೋವಿನಂಥ ಆಳದ ಸೆಳೆತ ಬಂದರೆ ಇನ್ನೂ ತಪ್ಪು. ತಕ್ಷಣ ಹೇಳಿ. ನಮ್ಮ ಹಳ್ಳಿಯ ಹಿರಿಯರಿಗೆ ಒಂದು ಚಟ: ಎಷ್ಟು ಸುಟ್ಟರೆ ಅಷ್ಟು ಗುಣ ಎಂದು ಹಲ್ಲು ಕಚ್ಚಿ ತಡೆದುಕೊಳ್ಳುತ್ತಾರೆ. "ತಡಕೊಂಡ್ನೆವ್ವಾ, ಹೆಚ್ಚ ಮಾಡು" ಅಂದವರೊಬ್ಬರ ಮೊಣಕಾಲ ಮೇಲೆ ಕೆಂಪು ಬಿಲ್ಲೆ ಎದ್ದದ್ದನ್ನು ನೋಡಿದ್ದೇನೆ. ಇದು ಶೇಕ ಕೊಡುವ ಚಿಕಿತ್ಸೆಯಲ್ಲ.

ಮಷೀನಿನ ಬಗ್ಗೆ ಅನುಮಾನ ಬಂದರೆ ಅದರ ತಲೆಯ ಮೇಲೆ ನಾಲ್ಕು ಹನಿ ನೀರು ಹಾಕಿಸಿ, ಕ್ಷಣ ಹೊತ್ತು ಚಾಲೂ ಮಾಡಿಸಿ. ಹನಿ ನಡುಗಿ ಕುದಿದಂತಾದರೆ ಅದು ಜೀವಂತವಿದೆ. ಎಷ್ಟು ಬಲ ಬರುತ್ತಿದೆ ಎಂಬುದು ಇದರಿಂದ ಗೊತ್ತಾಗುವುದಿಲ್ಲ, ಅದಕ್ಕೆ ವರ್ಷಕ್ಕೊಮ್ಮೆಯಾದರೂ ಮಷೀನನ್ನು ಅಳತೆಗೆ ಕಳಿಸಬೇಕು.

ಹಂತ 6: ಮನೆಗೆ ಹೋದ ಮೇಲೆ

ಸಾದಾ ಜೆಲ್ ಒರೆಸಿ, ಔಷಧ ಹಚ್ಚಿದ ಜಾಗವನ್ನು ಒಂದು ತಾಸು ತೊಳೆಯಬೇಡಿ. ಹೆಬ್ಬೆರಳಿಗೆ ಮಾಡಿಸಿಕೊಂಡವರಿಗೆ ಇದು ಕಷ್ಟ, ಏಕೆಂದರೆ ಮನೆಗೆ ಹೋದ ತಕ್ಷಣ ಹಿಟ್ಟು ನಾದಬೇಕಾಗಿರುತ್ತದೆ. ಅಂಥವರು ರೊಟ್ಟಿ ಬಡಿದಿಟ್ಟೇ ಬನ್ನಿ, ಇಲ್ಲವೇ ರಾತ್ರಿಯ ಅಡುಗೆ ಮುಗಿದ ಮೇಲಿನ ಸರದಿ ತಗೊಳ್ಳಿ. ಹಚ್ಚಿದ ಜಾಗಕ್ಕೆ ಬಿಸಿನೀರ ಚೀಲ ಬೇಡ, ಬಿಗಿ ಪಟ್ಟಿ ಬೇಡ. ಬಿಸಿಲಿಗೂ ಒಡ್ಡಬೇಡಿ, ಡೈಕ್ಲೋಫೆನಾಕ್ ಹಚ್ಚಿದ ಚರ್ಮ ಬಿಸಿಲಿಗೆ ಕೆರಳುವುದುಂಟು. ನಮ್ಮ ಏಪ್ರಿಲ್ ಬಿಸಿಲಿಗಂತೂ ತುಂಬು ತೋಳಿನ ಅಂಗಿಯೇ ಗತಿ. ಅದೇ ಹೊತ್ತಿಗೆ ನೋವಿನ ಗುಳಿಗೆಯನ್ನೂ ನುಂಗುತ್ತಿದ್ದರೆ ವೈದ್ಯರಿಗೆ ತಿಳಿಸಿ. ಗುಳ್ಳೆ, ತುರಿಕೆ, ಕೆಂಪು ಕಂಡರೆ ಮರುದಿನ ಜೆಲ್ ಬದಲಿಸಬೇಕು.

ಹಂತ 7: ಎಷ್ಟು ದಿನ?

ಇಲ್ಲಿ ನನ್ನ ವ್ಯಾಪಾರಕ್ಕೆ ನಷ್ಟವಾಗುವ ಮಾತು. 1998ರಲ್ಲಿ ಪ್ರಕಟವಾದ ಒಂದು ಪರೀಕ್ಷೆಯಲ್ಲಿ 49 ಜನರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಸ್ಟಿರಾಯ್ಡ್ ಜೆಲ್ಲಿನ ಮೇಲೆ, ಇನ್ನೊಂದಕ್ಕೆ ಔಷಧವಿಲ್ಲದ ಜೆಲ್ಲಿನ ಮೇಲೆ ಮೂರು ವಾರ ಅಲ್ಟ್ರಾಸೌಂಡ್ ಕೊಟ್ಟರು. ಎರಡೂ ಗುಂಪಿನವರ ನೋವು ಇಳಿಯಿತು. ಔಷಧ ಹಾಕಿದ್ದರಿಂದ ಹೆಚ್ಚಿನ ಲಾಭವೇನೂ ಕಾಣಲಿಲ್ಲ. ಲಾಭ ಕಂಡ ಪರೀಕ್ಷೆಗಳೂ ಇವೆ. ನನ್ನ ಅನುಭವವೂ ಹೀಗೇ ಎರಡು ಬಗೆಯದು. ಅದಕ್ಕೆ ನಾನು ಇಟ್ಟುಕೊಂಡ ಕಟ್ಟು: ಐದು ಸರದಿ. ಮೊದಲ ದಿನ ಒಂದು ಲೀಟರ್ ನೀರಿನ ಬಾಟ್ಲಿ ಎತ್ತಿಸಿ ನೋವಿಗೆ ಹತ್ತಕ್ಕೆ ಎಷ್ಟು ಅಂಕ ಎಂದು ಕೇಳಿ ಬರೆದಿಡುತ್ತೇನೆ. ಐದನೇ ದಿನ ಅದೇ ಬಾಟ್ಲಿ. ಅಂಕ ಎರಡಾದರೂ ಇಳಿಯದಿದ್ದರೆ ಮಷೀನ್ ಬಂದ್. ಇಪ್ಪತ್ತು ದಿನದ ಪ್ಯಾಕೇಜಿಗೆ ಮೊದಲೇ ರೊಕ್ಕ ಕಟ್ಟಿ ಎನ್ನುವಲ್ಲಿ ಕಟ್ಟಬೇಡಿ.

ಇಳಿದ ನೋವು ಇಳಿದೇ ಇರಬೇಕಾದರೆ ವ್ಯಾಯಾಮ ಬೇಕು. ಮೊಣಕೈಗಾದರೆ ಕೈಯನ್ನು ಮೇಜಿನಂಚಿಗೆ ಇಟ್ಟು ಅಂಗೈ ಕೆಳಗೆ ಮಾಡಿ, ಅರ್ಧ ಲೀಟರಿನ ತುಂಬಿದ ಬಾಟ್ಲಿ ಹಿಡಿದು ಮಣಿಕಟ್ಟನ್ನು ನಿಧಾನ ಇಳಿಸುವುದು, ಇನ್ನೊಂದು ಕೈಯ ಸಹಾಯದಿಂದ ಎತ್ತುವುದು. ಹದಿನೈದರಂತೆ ಮೂರು ಸಲ, ದಿನಾಲೂ, ಎರಡು ಮೂರು ತಿಂಗಳು. ಚಾಟ್ನಿ ಕತ್ತರಿಗೆ ಸಾಣೆ ಹಿಡಿಸಿ, ಸ್ಪ್ರಿಂಗ್ ಬಿಗಿಯಾಗಿದ್ದರೆ ಬದಲಿಸಿ. ಮೊಂಡು ಕತ್ತರಿಗೆ ಹಾಕುವ ಜೋರೆಲ್ಲ ಮೊಣಕೈಗೇ ಬೀಳುತ್ತದೆ. ಮನೆಯಲ್ಲೇ ಮಾಡಿಕೊಳ್ಳೋಣ ಎಂದು ಆನ್‌ಲೈನಿನಲ್ಲಿ ಸಣ್ಣ ಮಷೀನ್ ತರಿಸುವವರಿಗೆ ನನ್ನ ಸಲಹೆ ಒಂದೇ: ಆ ರೊಕ್ಕದಲ್ಲಿ ಒಳ್ಳೆಯ ಕತ್ತರಿ ಕೊಳ್ಳಿ.

ಇನ್ಸುಲಿನ್ ಹಿಂಗ ಇಳಸಾಕ ಬರ್ತೇತೇನು?

ಇದು ನನ್ನಲ್ಲಿಗೆ ಬರುವ ಆಯಿಯೊಬ್ಬರು ಕೇಳಿದ ಪ್ರಶ್ನೆ. ಸಿಂದಗಿ ಕಡೆಯವರು. ಭುಜಕ್ಕೆ ಮಷೀನ್ ಹಿಡಿದಿದ್ದೆ. ಹೊಟ್ಟೆಗೆ ದಿನಕ್ಕೆರಡು ಸಲ ಸೂಜಿ ಚುಚ್ಚಿಕೊಂಡು ಬೇಸತ್ತಿದ್ದರು. ಪ್ರಶ್ನೆ ಸಣ್ಣದೇನಲ್ಲ, ಅಮೆರಿಕದ ಎಂಐಟಿಯಂಥ ವಿಶ್ವವಿದ್ಯಾಲಯದವರು ಕೇಳಿಕೊಂಡದ್ದೂ ಇದನ್ನೇ.

ಇನ್ಸುಲಿನ್ ಅಣುವಿನ ತೂಕ ಸುಮಾರು 5,800 ಡಾಲ್ಟನ್. 500ರ ಗೇಟಿಗೆ ಬಂದು ನಿಂತ ಕಬ್ಬಿನ ಟ್ರ್ಯಾಕ್ಟರ್ ಅದು. 1995ರಲ್ಲಿ ಅಲ್ಲಿನ ಸಮೀರ್ ಮಿತ್ರಗೋತ್ರಿ, ಡೇನಿಯಲ್ ಬ್ಲ್ಯಾಂಕ್‌ಸ್ಟೈನ್, ರಾಬರ್ಟ್ ಲ್ಯಾಂಗರ್ ಅದನ್ನು ದಾಟಿಸಿ ತೋರಿಸಿದರು, ಆದರೆ ನಮ್ಮಂಥ ಮಷೀನಿನಿಂದ ಅಲ್ಲ. ಅವರು ಬಳಸಿದ್ದು 20 ಕಿಲೋಹರ್ಟ್ಸ್, ನಮ್ಮ 1 ಮೆಗಾಹರ್ಟ್ಸಿನ ಐವತ್ತರಲ್ಲಿ ಒಂದು ಪಾಲು. ಅಷ್ಟು ತಗ್ಗಿದ ಕಂಪನಕ್ಕೆ ಸ್ಪಂದಿಸುವ ಗುಳ್ಳೆ ದೊಡ್ಡದು, ಅಡ್ಡಳತೆ 0.3 ಮಿಲಿಮೀಟರ್, ಸಣ್ಣ ರವೆಯ ಕಾಳಿನಷ್ಟು. 1 ಮೆಗಾಹರ್ಟ್ಸಿನ ಗುಳ್ಳೆ ಕಣ್ಣಿಗೇ ಕಾಣದು. ದೊಡ್ಡ ಗುಳ್ಳೆ ಚರ್ಮದ ಪಕ್ಕ ಒಡೆದಾಗ ಸೂಜಿಯಂಥ ನೀರಿನ ಚಿಮ್ಮು ಹುಟ್ಟಿ ಗೋಡೆಯಲ್ಲಿ ಬಿರುಕು ಬಿಡಿಸುತ್ತದೆ. ಮನುಷ್ಯನ ಶವದ ಚರ್ಮದಲ್ಲಿ, ಕೂದಲಿಲ್ಲದ ಇಲಿಗಳಲ್ಲಿ ಇನ್ಸುಲಿನ್ ದಾಟಿತು. ಮುಂದೆ ಇದೇ ದಾರಿಯಲ್ಲಿ ಸೋನೋಪ್ರೆಪ್ ಎಂಬ ಉಪಕರಣಕ್ಕೆ 2004ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು, ಸೂಜಿ ಚುಚ್ಚುವ ಮೊದಲು ಲಿಗ್ನೋಕೇನ್ ಬೇಗ ಇಳಿದು ಚರ್ಮ ಮರಗಟ್ಟಲಿ ಎಂದು. ಇನ್ಸುಲಿನ್‌ಗೆ ಅಲ್ಲ.

ಇದನ್ನೆಲ್ಲ ಆಯಿಗೆ ನನ್ನಿಂದಾದಷ್ಟು ಸರಳವಾಗಿ ಹೇಳಿದೆ. ಭುಜದ ಮೇಲೆ ಇನ್ಸುಲಿನ್ ಸುರಿದು ಈ ಮಷೀನ್ ತಿರುಗಿಸಿದರೆ ಇನ್ಸುಲಿನ್ ಅರಿವೆಗೆ ಹೋಗುತ್ತದೆ, ಸಕ್ಕರೆ ತಲೆಗೇರುತ್ತದೆ ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು.

"ಹಂಗಾರ ಇಲಿಗೆ ಸಿಕ್ಕತಿ, ನನಗ ಸಿಗಲಿಲ್ಲ ಅನ್ನು."

"ಹೂಂ, ಆಯಿ."

"ಇರ್ಲಿ ಬಿಡು. ಇನ್ನ ಎಷ್ಟ ನಿಮಿಷ ಐತಿ?"

ಎರಡು ನಿಮಿಷ ಹದಿನೈದು ಸೆಕೆಂಡ್ ಉಳಿದಿತ್ತು.